ರೆಕಾರ್ಡರ್ ಪೆಟ್ಟಿಗೆಯ ಗಾತ್ರ

ಆನ್ಸೆಲ್ಮ್‌ನ ಮಗಳು ಫ್ಲೇವಿಯಾ ವಾಲಿಬಾಲ್ ತಂಡದಲ್ಲಿ ಲಿಫ್ಟರ್. ಹೊಡೆಯುವವರಿಗೆ ನೆಟ್ಟಿನ ಹತ್ತಿರ ಚೆಂಡನ್ನು ಹದವಾಗಿ ಎತ್ತಿ ಕೊಡುವುದು ಅವಳ ಕೆಲಸ. ದೋಹಾದಲ್ಲೇ ಹುಟ್ಟಿ, ಇಲ್ಲಿಯ ಶಾಲೆಯ ಅಂಗಳದಲ್ಲಿ ಆಟ ಕಲಿತು, ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಂಗಳೂರಿನ ಕಾಲೇಜಿಗೆ ಹೋಗಿದ್ದಳು. ರಾಜ್ಯಮಟ್ಟದ ಟೂರ್ನಿಗೆ ತಂಡ ಹೊರಟಾಗ ಫೋನ್ ಮಾಡಿ, ಆಟಗಳನ್ನು ಒಂದು ಕನ್ನಡ ಚಾನೆಲ್ ತೋರಿಸುತ್ತದೆಂದು ಹೇಳಿದಳು.

"ಎಷ್ಟು ಗಂಟೆಗೆ?" ಎಂದು ಆನ್ಸೆಲ್ಮ್ ಕೇಳಿದ.

"ಗೊತ್ತಿಲ್ಲ ಪಪ್ಪಾ. ಒಂದು ಮ್ಯಾಚ್ ಮುಗಿದ ಮೇಲೆ ಇನ್ನೊಂದು. ನಿಮಗೆ ಬರ್ಲಿಕ್ಕೆ..." ಎಂದವಳು ಅಲ್ಲಿಗೇ ನಿಲ್ಲಿಸಿ, ಮಮ್ಮಿಗೆ ಫೋನ್ ಕೊಡಿ ಎಂದಳು.

ಆನ್ಸೆಲ್ಮ್‌ಗೆ ಊರಿಗೆ ಹೋಗುವಂತಿರಲಿಲ್ಲ. ಅವನು ಸ್ಟೋರ್ ಇನ್‌ಚಾರ್ಜ್ ಆಗಿದ್ದ ಕಂಪನಿಯ ಗೋದಾಮಿಗೆ ಎರಡು ವರ್ಷದ ಹಿಂದೆ ಬೆಂಕಿ ಬಿದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಪೇಂಟಿನ ಡ್ರಮ್ಮುಗಳನ್ನು ಸರಿಯಾಗಿ ಇರಿಸಲಾಗಿದೆ ಎಂದು ಸಹಿ ಹಾಕಿದ್ದವನು ಆನ್ಸೆಲ್ಮ್. ಅವನ ಮೇಲೆ ಕೇಸಾಯಿತು. ಅದು ಮುಗಿಯುವ ತನಕ ದೇಶ ಬಿಡಬಾರದೆಂದು ಟ್ರಾವೆಲ್ ಬ್ಯಾನ್ ಬಿತ್ತು. ಕೆಲಸಕ್ಕೆ ಹೋಗಬಹುದು, ಸಂಬಳ ಬರುತ್ತದೆ, ಶುಕ್ರವಾರ ಅಬು ಹಮೂರ್‌ನ ಇಗರ್ಜಿಗೆ ಹೋಗಬಹುದು. ವಿಮಾನ ಹತ್ತುವುದೊಂದು ಆಗದು. ಪ್ರತಿ ವಿಚಾರಣೆಗೂ ವಕೀಲರು "ಮುಂದಿನ ಸಲ ಖಲಾಸ್" ಎನ್ನುತ್ತಿದ್ದರು.

ಅವನೂ ಹೆಂಡತಿ ಪರ್ಪೆಚುವಾಳೂ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿದ್ದರು. ಅವಳು ಹತ್ತಿರದ ಕ್ಲಿನಿಕ್ಕಿನ ಫಿಸಿಯೋಥೆರಪಿ ವಿಭಾಗದಲ್ಲಿ ರಿಸೆಪ್ಷನಿಸ್ಟ್. ಹಗಲಿನ ಆಟಗಳನ್ನು ಇಬ್ಬರೂ ನೋಡುವಂತಿರಲಿಲ್ಲ. ತಾರಸಿಯ ಡಿಶ್‌ನಲ್ಲಿ ಆ ಚಾನೆಲ್ ಬರುತ್ತಿತ್ತು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಆನ್ಸೆಲ್ಮ್‌ನ ಹಳೆಯ ಗೀಳು. ಪುಕ್ಕಟೆ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿ ತಾನೇ ಒಂದು ರೆಕಾರ್ಡರ್ ಮಾಡುತ್ತೇನೆ ಎಂದ.

ಹತ್ತಿರದ ಅಲ್ ಮುಂತಜಾದಲ್ಲಿ ಉಳ್ಳಾಲದ ಮುಸ್ತಫಾನ ಕಂಪ್ಯೂಟರ್ ಅಂಗಡಿ ಇತ್ತು. ಮುಸ್ತಫಾ ಕೌಂಟರಿನ ಮೇಲೆ ಎರಡು ಪೆಟ್ಟಿಗೆ ಇಟ್ಟ. ಒಂದು ದೊಡ್ಡದು, ಒಳಗೆ ಅಗಲವಾದ ಫ್ಯಾನ್, ಟ್ಯೂನರ್ ಕಾರ್ಡ್ ಕೂರಿಸಲು ಜಾಗ. ಇನ್ನೊಂದು ಟಿಫಿನ್ ಡಬ್ಬಿಯಷ್ಟಿತ್ತು. ಅದಕ್ಕೆ ಫ್ಯಾನೇ ಇಲ್ಲ. ಡಿಶ್‌ನ ಸಿಗ್ನಲ್ ಹಿಡಿಯುವ ಟ್ಯೂನರನ್ನು ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸಬೇಕು.

"ರೆಕಾರ್ಡಿಂಗಿಗೆ ದೊಡ್ಡದೇ ಒಳ್ಳೆಯದು ಆನ್ಸೆಲ್ಮಣ್ಣ," ಎಂದ ಮುಸ್ತಫಾ. "ಆ ಕಾರ್ಡಿಗೆ ಲಿನಕ್ಸಲ್ಲೇ ಡ್ರೈವರ್ ಉಂಟು, ನಿಮಗೆ ತಲೆಬಿಸಿ ಇಲ್ಲ. ಡಿಸ್ಕ್ ಸಿಸಿಟಿವಿಯದ್ದು ಹಾಕುವ. ಹಗಲೂ ರಾತ್ರಿ ಬರೆದರೂ ಅದಕ್ಕೆ ಎಂತ ಆಗುದಿಲ್ಲ."

ಆನ್ಸೆಲ್ಮ್ ಚಿಕ್ಕದನ್ನು ಕೈಯಲ್ಲಿ ತೂಗಿ ನೋಡಿದ. "ಇದು ವಿಮಾನದಲ್ಲಿ ಕೈಚೀಲದಲ್ಲಿ ಹೋಗ್ತದಲ್ವಾ?"

"ಹೋಗ್ತದೆ. ನೀವು ಯಾವಾಗ ಹೊರಡುದು?"

"ಸೆಪ್ಟೆಂಬರಿಗೆ ಕೇಸ್ ಮುಗೀತದಂತೆ."

ಮುಸ್ತಫಾ ಚಿಕ್ಕ ಪೆಟ್ಟಿಗೆಗೆ ಲ್ಯಾಪ್‌ಟಾಪಿನ ತೆಳ್ಳಗಿನ ಡಿಸ್ಕ್ ಹಾಕಿ ಕೊಟ್ಟ. ಪವರ್ ಅಡಾಪ್ಟರನ್ನು ಆರಿಸಲು ಮಾತ್ರ ಆನ್ಸೆಲ್ಮ್ ಬಹಳ ಹೊತ್ತು ತೆಗೆದುಕೊಂಡ. ಒಂದೊಂದನ್ನೂ ತಿರುಗಿಸಿ ಹಿಂದಿನ ಅಕ್ಷರ ಓದಿದ, ವಯರನ್ನು ಮೂಸಿ ನೋಡಿದ. ಬೆಂಕಿಯ ನಂತರ ಬಂದ ಅಭ್ಯಾಸ ಅದು. ಯಾರೂ ಇಲ್ಲದ ಮನೆಯಲ್ಲಿ ಹಳೆಯ ಏಸಿಯನ್ನು ಚಾಲೂ ಬಿಟ್ಟು ಹೋಗಲಿಕ್ಕೂ ಅವನಿಗೆ ಧೈರ್ಯವಿರಲಿಲ್ಲ.

ಮೊದಲ ಆಟ ಸರಿಯಾಗಿ ರೆಕಾರ್ಡ್ ಆಯಿತು. ಮಗಳು ತೆರೆಯ ಮೇಲೆ ಕಾಣಿಸಿಕೊಂಡಾಗ ಪರ್ಪೆಚುವಾ ಅಡುಗೆ ಬಿಟ್ಟು ಬಂದು, ಸೌಟು ಹಿಡಿದೇ ನಿಂತು ನೋಡಿದಳು. ಸೆಮಿಫೈನಲ್ ದಿನ ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ಏಸಿ ಆರಿಸಿದ್ದ ಕೋಣೆ ಒಲೆಯಂತಾಗಿತ್ತು. ಸಂಜೆ ಆನ್ಸೆಲ್ಮ್ ಬಂದು ನೋಡಿದರೆ, ಟ್ಯೂನರ್ ಮುಟ್ಟಲಾಗದಷ್ಟು ಬಿಸಿ. ತಂಡಗಳು ಸಾಲಾಗಿ ನಿಂತು ಕೈಕುಲುಕುವಷ್ಟು ದಾಖಲಾಗಿ ಮುಂದೆಲ್ಲ ಕಪ್ಪು.

"ಗೆದ್ರಂತೆ," ಎಂದಳು ಪರ್ಪೆಚುವಾ. ಮಗಳ ಮೆಸೇಜ್ ಬಂದಿತ್ತು. "ಶುಕ್ರವಾರ ಫೈನಲ್. ನೀವು ಆ ದೊಡ್ಡದನ್ನೇ ತನ್ನಿ."

"ಒಂದು ಆಟಕ್ಕೆ ಅಷ್ಟು ದೊಡ್ಡ ಸಾಮಾನು ಯಾಕೆ? ಮತ್ತೆ ಹೊರಡುವಾಗ ಯಾರು ಹೊರುದು?"

ಪರ್ಪೆಚುವಾ ಕುರ್ಚಿಯಲ್ಲಿ ಕುಳಿತಳು. ಅದು ಪ್ಲಾಸ್ಟಿಕ್ ಕುರ್ಚಿ. ಸೋಫಾ ಮುರಿದಾಗ ಆನ್ಸೆಲ್ಮ್ ಬೇರೆ ತಂದಿರಲಿಲ್ಲ. ಕಿಟಕಿಗೆ ಪರದೆಯ ಬದಲು ಬೆಡ್‌ಶೀಟ್ ಕಟ್ಟಿತ್ತು.

"ಎರಡು ವರ್ಷದಿಂದ ನಾಳೆ ಹೊರಡುವವರ ಹಾಗೆ ಇದ್ದೇವೆ," ಎಂದಳು. "ಆಗ ಕಟ್ಟಿಟ್ಟ ನನ್ನ ಬಟ್ಟೆ ಇನ್ನೂ ಕಾರ್ಟನ್‌ನಲ್ಲಿ ಉಂಟು. ಕಪಾಟು ಬೇಕು ಅಂದ್ರೆ ನಿಮಗೆ ಮುಖ ಬಾಡ್ತದೆ ಅಂತ ನಾನು ಸುಮ್ಮನಿದ್ದೆ. ಫೈನಲ್ ಆದ್ರೂ ನನಗೆ ಪೂರ್ತಿ ನೋಡ್ಬೇಕು."

"ಸೆಪ್ಟೆಂಬರಲ್ಲಿ ಮುಗೀತದೆ ಅಂತ ವಕೀಲರು ಹೇಳಿದ್ದಾರೆ."

"ವಕೀಲರು ನಿನ್ನೆ ಫೋನ್ ಮಾಡಿದ್ದು ನನಗೆ ಕೇಳಿದೆ," ಎಂದಳು ಪರ್ಪೆಚುವಾ.

ಆನ್ಸೆಲ್ಮ್ ಅದನ್ನು ಅವಳಿಗೆ ಹೇಳಿರಲಿಲ್ಲ. ಬೆಂಕಿಯ ಬಗ್ಗೆ ಇನ್ನೊಬ್ಬ ತಜ್ಞರ ವರದಿ ಬರಬೇಕಂತೆ. ವಿಚಾರಣೆ ಮುಂದಿನ ವರ್ಷಕ್ಕೆ ಹೋಗಿತ್ತು. ಅವನು ಬಾಲ್ಕನಿಗೆ ಹೋಗಿ ನಿಂತ. ಕೆಳಗೆ ಗಂಟುಮೂಟೆ ಹೊತ್ತ ಒಂದು ಸಂಸಾರ ಟ್ಯಾಕ್ಸಿ ಹತ್ತುತ್ತಿತ್ತು. ಒಳಗೆ ಬಂದು ಕಾರಿನ ಕೀ ತೆಗೆದುಕೊಂಡ.

ಮುಸ್ತಫಾ ದೊಡ್ಡ ಪೆಟ್ಟಿಗೆಯನ್ನು ಮತ್ತೆ ಕೌಂಟರಿಗೆ ತಂದು, ಕಾರ್ಡ್, ಡಿಸ್ಕ್, ಪವರ್ ಸಪ್ಲೈ ಒಂದೊಂದಾಗಿ ಇಟ್ಟ. "ಈ ಡಿಸ್ಕಿಗೆ ಮೂರು ವರ್ಷ ವಾರಂಟಿ. ಹಾಳಾದ್ರೆ ಇಲ್ಲಿಗೇ ತನ್ನಿ, ಬದಲಿಸಿ ಕೊಡ್ತೇನೆ."

ಮೂರು ವರ್ಷ ಎಂದದ್ದು ಕಿವಿಗೆ ಬಿದ್ದು ಆನ್ಸೆಲ್ಮ್ ನೀರು ಕೇಳಿ ಕುಡಿದ.

ಗುರುವಾರ ಸಂಜೆ ನೆಲದ ಮೇಲೆ ಕುಳಿತು ಎಲ್ಲ ಜೋಡಿಸಿದ. ಅಗಲದ ಫ್ಯಾನ್ ನಿಧಾನವಾಗಿ, ಸದ್ದಿಲ್ಲದೆ ತಿರುಗಿತು. ಪೆಟ್ಟಿಗೆ ಮೇಜಿನ ಮೇಲೆ ಹಿಡಿಸದೆ ಬಾಗಿಲ ಪಕ್ಕದಲ್ಲಿ ಕುಳಿತುಕೊಂಡಿತು. ಮರುದಿನ ಅದನ್ನು ಚಾಲೂ ಮಾಡಿಟ್ಟು ಇಗರ್ಜಿಯ ಪೂಜೆಗೆ ಹೋದರು. ಪೂಜೆಯುದ್ದಕ್ಕೂ ಅವನ ಮನಸ್ಸು ಆ ಕೋಣೆಯಲ್ಲೇ ಇತ್ತು. ಬಂದು ನೋಡಿದರೆ, ಮೊದಲಿಂದ ಕೊನೆಯ ತನಕ ಎಲ್ಲ ಇತ್ತು.

ಊಟವಾದ ಮೇಲೆ ಇಬ್ಬರೂ ಕುಳಿತು ನೋಡಿದರು. ಫ್ಲೇವಿಯಾಳ ತಂಡ ಸೋತಿತು. ಆದರೆ ಅವಳು ಚೆನ್ನಾಗಿ ಆಡಿದ್ದಳು. ಮೂರನೆಯ ಸೆಟ್ಟಿನಲ್ಲಿ ಬೆನ್ನ ಹಿಂದಕ್ಕೆ ಎತ್ತಿ ಕೊಟ್ಟ ಚೆಂಡೊಂದನ್ನು ಇನ್ನೊಮ್ಮೆ ನೋಡಬೇಕೆಂದು ಆನ್ಸೆಲ್ಮ್ ಹಿಂದಕ್ಕೆ ಓಡಿಸಿದ. ಕ್ಯಾಮೆರಾ ಚೆಂಡಿನ ಹಿಂದೆ ಹೋಗಿತ್ತು. ತೆರೆಯ ಅಂಚಿನಲ್ಲಿ ಫ್ಲೇವಿಯಾ ಜಿಗಿದು ನೆಲಕ್ಕೆ ಇಳಿದವಳು ಬಲ ಮೊಣಕಾಲು ಹಿಡಿದುಕೊಂಡಳು. ಒಂದು ಕ್ಷಣ ಮಾತ್ರ. ಕೋಚ್ ಹೊರಗಿನಿಂದ ಏನೋ ಕೇಳಿದ, ಅವಳು ಏನಿಲ್ಲವೆಂದು ತಲೆಯಾಡಿಸಿದಳು.

"ಹಿಂದೆ ಹೋಗಿ," ಎಂದಳು ಪರ್ಪೆಚುವಾ. "ಮೊದಲ ಸೆಟ್ ಹಾಕಿ."

ಮೊದಲ ಸೆಟ್ಟಿನಿಂದಲೂ ಮಗಳು ಎಡಗಾಲಿನ ಮೇಲೆಯೇ ಇಳಿಯುತ್ತಿದ್ದಳು. ನೋಡನೋಡುತ್ತ ಪರ್ಪೆಚುವಾಳ ದನಿ ಸಣ್ಣದಾಯಿತು. "ನಮ್ಮ ಕ್ಲಿನಿಕ್ಕಿಗೆ ಬರುವವರು ಹೀಗೇ ಕಾಲಿಡುದು. ಇದು ಇವತ್ತಿನದ್ದಲ್ಲ."

ಆನ್ಸೆಲ್ಮ್ ವೀಡಿಯೋ ಕರೆ ಹಚ್ಚಿದ. ಫ್ಲೇವಿಯಾ ಮೊದಲು ನಕ್ಕಳು, ಸುಸ್ತು ಅಷ್ಟೇ ಎಂದಳು. ಕಾಲು ತೋರಿಸು ಎಂದಾಗ ಫೋನ್ ಕೆಳಗೆ ತಿರುಗಿಸಿದಳು. ಮೊಣಕಾಲು ಊದಿಕೊಂಡಿತ್ತು.

"ಯಾವಾಗಿಂದ?"

"ಮಾರ್ಚಿಂದ."

"ಯಾಕೆ ಹೇಳ್ಲಿಲ್ಲ ಮಗಾ?"

"ಹೇಳಿದ್ರೆ ನೀವು ಎಂತ ಮಾಡ್ತಿದ್ರಿ ಪಪ್ಪಾ? ಅಲ್ಲೇ ಕೂತು ಹೆದರ್ತಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆನ್ಸೆಲ್ಮ್ ಫೋನನ್ನು ಪರ್ಪೆಚುವಾಳ ಕೈಗೆ ಕೊಟ್ಟ.

ಮಂಗಳೂರಿನ ಡಾಕ್ಟರು ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಲೇಬೇಕು ಎಂದರು. ಪರ್ಪೆಚುವಾ ರಜೆ ಹಾಕಿದಳು. ವಿಮಾನ ನಿಲ್ದಾಣದಲ್ಲಿ ಆನ್ಸೆಲ್ಮ್ ಅವಳ ಸೂಟ್‌ಕೇಸ್ ಎಳೆದುಕೊಂಡು, ಪ್ರಯಾಣಿಕರಲ್ಲದವರು ಹೋಗಬಹುದಾದಷ್ಟು ದೂರ ಹೋದ. ಅಲ್ಲಿಂದಾಚೆ ಅವಳು ಒಬ್ಬಳೇ ನಡೆದಳು. ಎರಡು ಸಲ ತಿರುಗಿ ನೋಡಿದಳು. ಆಮೇಲೆ ಜನರ ನಡುವೆ ಕಾಣದಾದಳು.

ಆಪರೇಷನ್ ದಿನ ಸ್ಟೋರಿನಲ್ಲಿ ಅವನು ಒಂದೇ ಕಾರ್ಟನ್ನನ್ನು ಮೂರು ಸಲ ಎಣಿಸಿದ್ದನ್ನು ಮ್ಯಾನೇಜರ್ ರಿಚರ್ಡ್ ನೋಡಿದರು. "ಅರ್ಧ ದಿನ ತಕ್ಕೊಳ್ಳಿ ಆನ್ಸೆಲ್ಮ್, ಹೋಗಿ," ಎಂದರು.

ಅವನು ಹೊರಗೆ ಬಂದು ಕಾರು ಹತ್ತಿದ. ಎಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ. ಕಡಲ ದಂಡೆಯುದ್ದಕ್ಕೂ ಹೋಗಿ ಮರಳಿದ. ಮನೆಯ ಕೆಳಗೆ ನಿಲ್ಲಿಸಿ, ಏಸಿ ಹಾಕಿಕೊಂಡು, ಫೋನನ್ನು ತೊಡೆಯ ಮೇಲಿಟ್ಟು ಕುಳಿತ. ಬಿಸಿಲು ಎದುರಿನ ಗೋಡೆಯಿಂದ ಕೆಳಗಿಳಿಯುವಾಗ ಪರ್ಪೆಚುವಾಳ ಕರೆ ಬಂತು.

"ಮುಗಿಯಿತು, ಚೆನ್ನಾಗಿ ಆಗಿದೆ ಅಂದ್ರು. ಈ ವರ್ಷ ಆಟ ಇಲ್ಲ. ಮಾತಾಡ್ತೀರಾ? ಅರ್ಧ ಎಚ್ಚರ ಉಂಟು."

ಏನೋ ಸರಿದ ಸದ್ದು. ಆಮೇಲೆ ಮಗಳ ತೊದಲು. "ಪಪ್ಪಾ, ಎಲ್ಲಿದ್ದೀರಿ?"

"ಇಲ್ಲೇ ಇದ್ದೇನೆ ಮಗಾ."

"ಹಾಂ," ಎಂದಳು ಫ್ಲೇವಿಯಾ, ಸಮಾಧಾನವಾದವಳ ಹಾಗೆ.

ಪರ್ಪೆಚುವಾ ಫೋನ್ ತೆಗೆದುಕೊಂಡು ಅವಳು ಮತ್ತೆ ಮಲಗಿದಳು ಎಂದಳು. ಆನ್ಸೆಲ್ಮ್ ಕಾರಿನ ಏಸಿ ಆರಿಸಿ, ಇಳಿದು ಮೆಟ್ಟಿಲು ಹತ್ತಿದ.