ನೆಬೀಸಮ್ಮನ ತಿದ್ದುಪಡಿ

ನೆಬೀಸಮ್ಮನನ್ನು ಎದುರಿಗೆ ಹೊಗಳಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಮದುವೆಮನೆಯಲ್ಲಿ ಯಾರಾದರೂ ಅವರ ಕೋಳಿಸಾರನ್ನು ಮೆಚ್ಚಿದರೆ, “ಎಂತ ಮಣ್ಣಾಂಗಟ್ಟಿ! ಕೊತ್ತಂಬರಿ ಸೀದಿತ್ತು. ನಿಮಗೆ ನಾಲಗೆ ಇಲ್ವಾ ಮಾರಾಯ್ರೆ?” ಎಂದು ಮೆಚ್ಚಿದವರನ್ನೇ ತರಾಟೆಗೆ ತೆಗೆದುಕೊಂಡು, ಎಡಗಾಲನ್ನು ತುಸು ಎಳೆದು ಹಾಕುವ, ಆದರೂ ಜೊತೆಯವರನ್ನೆಲ್ಲ ಹಿಂದಿಕ್ಕುವ ತಮ್ಮ ನಡಿಗೆಯಲ್ಲಿ ಹೊರಟೇಬಿಡುತ್ತಾರೆ.

ಎಪ್ಪತ್ತಾರು ದಾಟಿದ, ಇಂದಿಗೂ ಬೀಡಿ ಕಟ್ಟುವ ಈ ಹೆಂಗಸಿಗೆ ಕನ್ನಡ ಓದಲು ಬಾರದು. ಆದರೆ ಉಪ್ಪಿನಂಗಡಿಯ ಮನೆಯಲ್ಲಿ ಅವರು ಸಾಕಿದ ಮೊಮ್ಮಗಳು ಮುಫೀದಾ ಬರೆದ ಒಂದು ಪುಟವೂ ಅವರ ಕಿವಿಗೆ ಬೀಳದೆ ಅಚ್ಚಾದದ್ದಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿಯೆಲೆ ಕತ್ತರಿಸುತ್ತ ಕೇಳುತ್ತಾರೆ. ಬರೆದದ್ದು ಹಿಡಿಸದಿದ್ದರೆ ಕತ್ತರಿಯ ಸದ್ದು ಚುರುಕಾಗುತ್ತದೆ. ಮುಫೀದಾ ವಿಮರ್ಶೆ ಕಲಿತದ್ದು ಆ ಸದ್ದಿನಿಂದ. ಪುತ್ತೂರಿನ ಕಾಲೇಜು ಆಮೇಲಿನದು.

ಮುಫೀದಾಳ ತಾಯಿ ಆಫ್ರಿಕಾದ ಜಾಂಜಿಬಾರಿನವಳು, ಕಪ್ಪು ವರ್ಣದವಳು. ತಂದೆ ಜಾಸಿರ್ ಅಲ್ಲಿ ಅಂಗಡಿಯೊಂದರಲ್ಲಿದ್ದಾಗ ಅವಳನ್ನು ಮದುವೆಯಾಗಿದ್ದ. ಅವಳು ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗುವನ್ನು ತನ್ನ ಉಮ್ಮ, ಅಂದರೆ ತಾಯಿ ನೆಬೀಸಮ್ಮನ ಕೈಗೊಪ್ಪಿಸಿ ಮರಳಿ ಹೋದ. ತಾಯಿಯ ಬಣ್ಣವನ್ನೂ ಸುರುಳಿಗೂದಲನ್ನೂ ಹೊತ್ತು ಬಂದ ಆ ಮಗು ಈಗ ಮೂವತ್ತೊಂದರ ಲೇಖಕಿ. ತನ್ನನ್ನು ರೂಪಿಸಿದವರ ಕುರಿತು ಅವಳು ಬರೆದ ಮೊದಲ ಪುಸ್ತಕ ಹೋದ ತಿಂಗಳು ಅಚ್ಚಿಗೆ ಹೋಗಬೇಕಿತ್ತು. ಕನ್ನಡ ಕಲಿಸಿದ ಸುಳ್ಯದ ಚೆನ್ನಪ್ಪ ಮಾಸ್ತರು, ಕೇಳಿದಷ್ಟು ಪುಸ್ತಕ ಕೊಟ್ಟ ಕಡಬದ ಗ್ರಂಥಾಲಯದ ವಿಷ್ಣುಪ್ರಸಾದ್, ಎಲ್ಲರೂ ಅದರಲ್ಲಿದ್ದರು. ಮೊದಲ ಅಧ್ಯಾಯ ಅಜ್ಜಿಯದು.

‘ಅಜ್ಜಿ ನನ್ನ ಬಣ್ಣವನ್ನು ಒಂದು ದಿನವೂ ನೋಡಲಿಲ್ಲ’ ಎಂಬ ಸಾಲನ್ನು ಮುಫೀದಾ ಓದಿ ಹೇಳಿದ ಮಧ್ಯಾಹ್ನ ಕತ್ತರಿಯ ಸದ್ದು ನಿಂತೇಹೋಯಿತು.

“ಸುಳ್ಳು,” ಎಂದರು ನೆಬೀಸಮ್ಮ. “ಒಂದು ವರ್ಷ ಬೆಳ್ಳಗಾಗ್ಲಿ ಅಂತ ನಿನಗೆ ಕಡ್ಲೆಹಿಟ್ಟು, ಕಸ್ತೂರಿ ಅರಿಶಿನ ಹಾಕಿ ಉಜ್ಜಿದ್ದು ಯಾರು? ನೆಂಟರು ಬರುವಾಗ ಒಳಕೋಣೆಯಲ್ಲಿ ಕೂರಿಸಿದ್ದು ಯಾರು?”

ಮುಫೀದಾ ಅದನ್ನು ಮರೆತಿರಲಿಲ್ಲ. ಚರ್ಮ ಉರಿದು ಅತ್ತದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಊರೆಲ್ಲ ಓದುವ ಪುಸ್ತಕದಲ್ಲಿ ಈ ಮುದಿಜೀವವನ್ನು ಕಟಕಟೆಗೆ ಹತ್ತಿಸಲು ಮನಸ್ಸು ಒಪ್ಪಿರಲಿಲ್ಲ, ಅಷ್ಟೆ.

“ಜನ ನಿಮ್ಮನ್ನು ಎಂತ ಹೇಳಿಯಾರು ಅಜ್ಜಿ?”

“ಹೇಳ್ಲಿ. ನನ್ನ ಮರ್ಯಾದೆ ಉಳಿಸ್ಲಿಕ್ಕೆ ಹೋಗಿ ಆ ಮಗುವನ್ನು ಇನ್ನೊಮ್ಮೆ ಒಳಗೆ ಕೂರಿಸುದಾ ನೀನು?” ಕತ್ತರಿಯನ್ನು ಮೊರದಲ್ಲಿಟ್ಟು ಮುದುಕಿ ಮತ್ತೆ ಹೇಳಿದರು: “ಉಜ್ಜುದು ಯಾಕೆ ಬಿಟ್ಟದ್ದು ಗೊತ್ತುಂಟಾ? ಒಂದು ದಿನ ನೀನು ಕೇಳಿದಿ, ‘ಇದ್ರಲ್ಲಿ ನನ್ನ ಉಮ್ಮನೂ ತೊಳೆದು ಹೋಗ್ತಾಳಾ?’ ಅಂತ.”

ಆ ಮಾತು ಮುಫೀದಾಳಿಗೆ ನೆನಪೇ ಇರಲಿಲ್ಲ. ಇಪ್ಪತ್ತಾರು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಬೆಂದವರು ಅಜ್ಜಿ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಧ್ಯಾಯವನ್ನು ಹರಿದು ಮೊದಲಿನಿಂದ ಬರೆದಳು. ಅಚ್ಚುಕೂಟದವರು ತಡವಾಯಿತೆಂದು ಹದಿನೈದು ದಿನ ಗೊಣಗಿದರು.

ಬರೆಯುವವರನ್ನು ಬೆಳೆಸಿದವರೆಂದರೆ ಬೆನ್ನು ತಟ್ಟಿದವರ, ಪುಸ್ತಕ ಕೊಟ್ಟವರ ಹೆಸರು ಹೇಳುವುದು ರೂಢಿ. ಅವರು ದೊಡ್ಡವರೇ, ಅನುಮಾನವಿಲ್ಲ. ಆದರೆ ತಾನು ನೋಯಿಸಿದ್ದನ್ನು ತಾನೇ ನೆನಪಿಟ್ಟುಕೊಂಡು, ನೊಂದ ಮಗುವಿನ ಪರವಾಗಿ ತನ್ನ ವಿರುದ್ಧವೇ ಸಾಕ್ಷಿ ಹೇಳುವ ಮುದುಕಿಯರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅಂಥವರ ಮಡಿಲಲ್ಲಿ ಬೆಳೆದವರಿಗೆ ಸುಳ್ಳು ಬರೆಯುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.