ಎದೆಯ ಚಿತ್ರ ಕಳಿಸುವ ಕೆಲಸ

ನಾನು ಒಂದು ಕಂಪ್ಯೂಟರು. ಕಲಬುರಗಿಯ ಒಂದು ಅಂಗಡಿಯ ಹಿಂಬದಿಯಲ್ಲಿ, ಬೇರೆ ಬೇರೆ ಡಬ್ಬಿಗಳಿಂದ ಬಂದ ಭಾಗಗಳನ್ನು ಕೂಡಿಸಿ ಸ್ಕ್ರೂ ಬಿಗಿದಾಗ ನನಗೆ ಜೀವ ಬಂತು. ಮೊದಲು ನನ್ನನ್ನು ಕೊಂಡವನು ಫೋಟೊ ಸ್ಟುಡಿಯೊದ ಕಾಶಪ್ಪ. ಅವನ ಹತ್ತಿರ ಇದ್ದಷ್ಟು ದಿನ ಮದುಮಕ್ಕಳ ಮುಖ ಬೆಳ್ಳಗೆ ಮಾಡುವುದೇ ನನ್ನ ಕೆಲಸ. ಜನ ಮೊಬೈಲಿನಲ್ಲೇ ಫೋಟೊ ತೆಗೆಯತೊಡಗಿದ ಮೇಲೆ ಅವನು ಅಂಗಡಿ ಮುಚ್ಚಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳ ನಡುವೆ ಇದ್ದ ಒಂದು ಸಣ್ಣ ಆಸ್ಪತ್ರೆಗೆ ನನ್ನನ್ನು ಮಾರಿದ.

ಅಲ್ಲಿ ನನ್ನನ್ನು ಎಕ್ಸ್‌ರೇ ಕೋಣೆಯ ಮೇಜಿನ ಕೆಳಗೆ ಇಟ್ಟರು. ಹಾಗಾಗಿ ನಾನು ಹೆಚ್ಚು ಕಂಡದ್ದು ಕಾಲುಗಳನ್ನು. ಕಲ್ಲಿನ ಹುಡಿ ಮೆತ್ತಿದ, ಹಿಮ್ಮಡಿ ಒಡೆದ ಕಾಲುಗಳು. ಎಕ್ಸ್‌ರೇ ತೆಗೆಯುವವರು ಮಹಾನಂದಾ. ಆಸ್ಪತ್ರೆಗೆಲ್ಲ ಒಬ್ಬರೇ ಡಾಕ್ಟರು, ಜುಬೇದಾ ಮೇಡಂ. ಚಿತ್ರ ನೋಡಿ ಖಚಿತವಾಗಿ ಹೇಳಬಲ್ಲ ತಜ್ಞರು ಕಲಬುರಗಿಯಲ್ಲಿದ್ದರು. ದಿನವೂ ತೆಗೆದ ಚಿತ್ರಗಳನ್ನು ಮರುದಿನ ಬೆಳಗಾಗುವುದರೊಳಗೆ ಅವರಿಗೆ ತಲುಪಿಸುವುದು ನನ್ನ ಪಾಲಿಗೆ ಬಂತು.

ಇದ್ದದ್ದು ಒಂದೇ ಟೆಲಿಫೋನ್ ತಂತಿ, ಅದೂ ಹಳೆಯದು. ಹಗಲಿಡೀ ಅದು ಆಫೀಸಿಗೆ ಬೇಕು. ರಾತ್ರಿ ಮಾತ್ರ ನನ್ನದು. ಒಂದು ಎದೆಯ ಚಿತ್ರ ದಾಟುವಷ್ಟರಲ್ಲಿ ಊರು ಉಂಡು ಮಲಗಿರುತ್ತಿತ್ತು. ನಡುವೆ ಗಾಳಿ ಬೀಸಿ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಕಳಿಸಬೇಕು. ಬೆಳಿಗ್ಗೆ ನೋಡಿದರೆ ಅರ್ಧ ಕೆಲಸವೂ ಮುಗಿದಿರುತ್ತಿರಲಿಲ್ಲ. ದಣಿವು ಅಂದರೇನೆಂದು ನಾನು ಕಲಿತದ್ದು ಅಲ್ಲಿ.

ಒಂದು ಮಧ್ಯಾಹ್ನ ಮಲ್ಕಪ್ಪ ಎಂಬ ಗಣಿ ಕೆಲಸಗಾರ ಎದೆ ಹಿಡಿದುಕೊಂಡು ಬಂದ. ಕಲ್ಲಿನ ಹಾಸು ಜಾರಿ ಮೈಮೇಲೆ ಬಿದ್ದಿತ್ತು. ಮಹಾನಂದಾ ಅವನ ಎದೆಯ ಚಿತ್ರ ತೆಗೆದರು.

“ಎಲುಬು ಮುರದದ. ಒಳಗ ಮತ್ತೇನರೆ ಆಗ್ಯಾದೋ ಏನೋ, ನನಗ ಡೌಟ್ ಅದ. ಕಲಬುರಗಿ ಡಾಕ್ಟ್ರು ನೋಡಿ ಹೇಳ್ತಾರ. ಅಲ್ಲೀತನಕ ಇಲ್ಲೇ ಮಲ್ಕೊ,” ಅಂದರು ಜುಬೇದಾ ಮೇಡಂ.

“ಇಲ್ಲಿ ಮಲ್ಕೊಂಡ್ರ ಮನಿ ನಡೀಬೇಕಲ್ರಿ, ಬಾಯಾರ,” ಅಂದ ಮಲ್ಕಪ್ಪ. ಎಷ್ಟು ಹೇಳಿದರೂ ಕೇಳದೆ ಹೊರಟುಹೋದ.

ಅದೇ ದಿನ ಬೆಳಿಗ್ಗೆಯೇ ಆಫೀಸಿನವರು ಆಸ್ಪತ್ರೆಯ ವಾರ್ಷಿಕೋತ್ಸವದ ವಿಡಿಯೊವನ್ನು ನನ್ನೊಳಗೆ ತುಂಬಿ, ಅದನ್ನೂ ಕಳಿಸಲು ಹಾಕಿ ಹೋಗಿದ್ದರು. ಹಾರ, ಶಾಲು, ಭಾಷಣ ಎಲ್ಲ ಸೇರಿ ರಾತ್ರಿಯಿಡೀ ತಂತಿಯನ್ನು ಹಿಡಿದು ಕೂತವು. ನನಗೆ ಸಾಲು ಮುರಿಯುವ ಅಧಿಕಾರ ಇರಲಿಲ್ಲ. ಬೆಳಿಗ್ಗೆ ಮಹಾನಂದಾ ಬಂದು ನೋಡಿದರೆ ಮಲ್ಕಪ್ಪನ ಎದೆ ಇದ್ದಲ್ಲೇ ಇತ್ತು. ಕೂಡಲೇ ಅವರು ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಸ್ ಹತ್ತಿದರು.

ಮಧ್ಯಾಹ್ನದ ಹೊತ್ತಿಗೆ ಕಲಬುರಗಿಯಿಂದ ಫೋನ್ ಬಂತು. ಶ್ವಾಸಕೋಶಕ್ಕೆ ತೂತಾಗಿ ಎದೆಯೊಳಗೆ ಗಾಳಿ ತುಂಬುತ್ತಿದೆ, ಕೂಡಲೇ ಕರೆತನ್ನಿ ಅಂದರು. ಮೇಡಂ ಜೀಪು ತೆಗೆದುಕೊಂಡು ಅವನ ಮನೆಗೇ ಹೋದರು. ಅವನು ಗೋಡೆಗೆ ಒರಗಿ, ಉಸಿರು ಸಾಲದೆ ಬಾಯಿ ತೆರೆದು ಕೂತಿದ್ದನಂತೆ. ಕಲಬುರಗಿಯಲ್ಲಿ ಕೊಳವೆ ಹಾಕಿ ಗಾಳಿ ತೆಗೆದ ಮೇಲೆ ಬದುಕಿದ.

ಮರುದಿನ ಸಂಜೆ ಮೇಡಂ, ಮಹಾನಂದಾ ಇಬ್ಬರೂ ನನ್ನ ಮುಂದೆ ಕೂತರು.

“ಬಂದವರ ಪಾಳಿ ಹಿಡದು ಕಳಸೂದು ಇನ್ನ ಬ್ಯಾಡ, ಮಹಾನಂದಾ. ಯಾರಿಗಿ ಅವಸರ ಅದನೋ ಅವ್ರದು ಮೊದಲ ಹೋಗ್ಲಿ.”

“ಒಮ್ಮಿ ಹೋಗಿದ್ದು ತಿರುಗಿ ಹೋಗಬಾರ್ದ್ರಿ, ಮೇಡಂ. ಎಲ್ಲಿ ಕಡೀತದ ಅಲ್ಲಿಂದೇ ಮುಂದ ಹೋಗೂವಂಗ ಮಾಡಸ್ತೀನಿ.”

“ವಿಡಿಯೊ?”

“ಐತಾರ ರಜಾ ದಿನ ಜಾಗ ಇದ್ರ ಹೋಗ್ಲಿ. ಇಲ್ಲಂದ್ರ ಇಲ್ಲೇ ಇರ್ಲಿ.”

ಹಾಗೆ ನನಗೊಂದು ಕ್ರಮ ಸಿಕ್ಕಿತು. ವರ್ಷಗಳು ಅದರಲ್ಲೇ ಸರಿದವು. ಕೆಲಸ ಹಗುರವಾಗಲಿಲ್ಲ, ವ್ಯರ್ಥವಾಗುವುದು ಮಾತ್ರ ನಿಂತಿತು.

ಮಲ್ಕಪ್ಪ ಮತ್ತೆ ಮತ್ತೆ ಬಂದ, ಕೆಮ್ಮುತ್ತ. ಪ್ರತಿ ಸಲವೂ ಅವನ ಎದೆಯಲ್ಲಿ ಬಿಳಿ ಚುಕ್ಕೆಗಳು ಹೆಚ್ಚಿರುತ್ತಿದ್ದವು. ಗಣಿಯ ಹುಡಿ ಒಳಗೆ ಮನೆ ಮಾಡಿತ್ತು. ಕೆಲಸ ಬಿಡು ಎಂದು ಮೇಡಂ ಹೇಳುತ್ತಲೇ ಇದ್ದರು. “ಕಲ್ಲು ಬಿಟ್ರ ನನಗ ಬ್ಯಾರೆ ಏನ್ ಬರ್ತದ್ರಿ,” ಅನ್ನುತ್ತಿದ್ದ ಅವನು. ಅವನ ಕೊನೆಯ ಚಿತ್ರವನ್ನು ಮಹಾನಂದಾ ಎಲ್ಲಕ್ಕಿಂತ ಮೊದಲು ಇಟ್ಟರು. ಅಂದು ತಂತಿ ಒಮ್ಮೆಯೂ ಕಡಿಯಲಿಲ್ಲ. ಬೆಳಿಗ್ಗೆ ಬೇಗನೆ ಉತ್ತರವೂ ಬಂತು. ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಅವನ ಹೆಂಡತಿ ಶಿವಲಿಂಗಮ್ಮ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು.

“ಅವತ್ತ ಕಲ್ಲು ಬಿದ್ದಾಗ ದೊಡ್ಡ ಡಾಕ್ಟರಿಗಿ ತೋರ್ಸಿ ಉಳಿಸಿದ್ರಿ. ಈ ಸಲಾನೂ ತೋರ್ಸೀರಿಲ್ಲ, ಬಾಯಾರ?”

ಮೇಡಂ ಅವಳೆದುರು ಕುಕ್ಕರಗಾಲಲ್ಲಿ ಕೂತರು. “ತೋರ್ಸೀವಿ, ತಾಯಿ. ಎಲ್ಲಾರಕಿಂತ ಮೊದ್ಲ ತೋರ್ಸೀವಿ.”

ಆಮೇಲೆ ಊರಿಗೆ ಹೊಸ ಲೈನು ಬಂತು, ಹೊಸ ಕಂಪ್ಯೂಟರೂ ಬಂತು. ನನ್ನೊಳಗಿದ್ದ ಅಷ್ಟೂ ವರ್ಷಗಳ ಎದೆಗಳನ್ನು ಅದು, ಮಹಾನಂದಾ ಚಹಾ ಕುಡಿದು ಬರುವಷ್ಟರಲ್ಲಿ ಕಲಬುರಗಿಗೆ ದಾಟಿಸಿಬಿಟ್ಟಿತು. ಅವರು ನನ್ನ ತಲೆಯ ಮೇಲಿನ ಧೂಳು ಒರೆಸಿ, ವೈರು ಕಿತ್ತು, ಸ್ಟೋರ್ ರೂಮಿನಲ್ಲಿ ಮುರಿದ ಸ್ಟ್ರೆಚರಿನ ಪಕ್ಕ ಇಟ್ಟರು.

ಹೊಸದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ವಯಸ್ಸಾಗಿದೆ, ಫ್ಯಾನು ತಿರುಗುವುದಿಲ್ಲ, ವಿಶ್ರಾಂತಿ ಬೇಕಾಗಿತ್ತು. ಆದರೆ ಈ ಕೋಣೆಯ ಗೋಡೆಯಾಚೆಗೇ ಎಕ್ಸ್‌ರೇಗೆ ಕಾಯುವವರ ಬೆಂಚಿದೆ. ಬೆಳಗಾದರೆ ಅಲ್ಲಿ ಕೆಮ್ಮು ಶುರುವಾಗುತ್ತದೆ. ಚಿತ್ರಗಳು ಈಗ ಬೇಗ ಹೋಗುತ್ತವೆ. ಎದೆಗಳು ಮೊದಲಿನ ಹಾಗೆಯೇ ಬರುತ್ತಿವೆ.