ಬಂಗಡೆ ಬಿದ್ದ ವರ್ಷ

ನಾನು ಒಂದು ಪಾತಿ. ಒಂದೇ ಮರದ ಬೊಡ್ಡೆಯನ್ನು ಕೊರೆದು ಮಾಡಿದ ಸಣ್ಣ ದೋಣಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ದೊಡ್ಡ ದೋಣಿಗಳ ಸಾಲಿನಲ್ಲಿ ನಿಂತರೆ ಯಾರೂ ನನ್ನನ್ನು ಎರಡನೇ ಸಲ ತಿರುಗಿ ನೋಡುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ.

ಅಂಕೋಲೆಯ ಕಡೆ ಯಾರದೋ ಹಿತ್ತಲಲ್ಲಿ ನಾನು ಮಾವಿನ ಮರವಾಗಿದ್ದೆ. ನನ್ನ ಕಾಯಿ ಉಪ್ಪಿನಕಾಯಿಗೂ ಆಗುವುದಿಲ್ಲ, ಹಣ್ಣಾದರೆ ಹುಳ ಎಂದು ಮನೆಯವರು ಬೈಯುತ್ತಿದ್ದರು. ಬೈಸಿಕೊಂಡೇ ದಪ್ಪಗೆ ಬೆಳೆದೆ. ಕೊನೆಗೆ ಆ ದಪ್ಪವೇ ಬಡಗಿಯ ಕಣ್ಣಿಗೆ ಬಿತ್ತು. ಅವನು ಒಂದು ಮಳೆಗಾಲ ಕಳೆಯುವ ತನಕ ಬಾಚಿಯಿಂದ ನನ್ನ ಒಳಗನ್ನು ತೋಡಿ ತೋಡಿ ತೆಗೆದ, ಮೀನೆಣ್ಣೆ ಕುಡಿಸಿದ, ಅಂಚಿಗೆ ಹಲಗೆಯಿಟ್ಟು ಕತ್ತದ ಹಗ್ಗದಿಂದ ಹೊಲಿದ. ನೀರಿಗೆ ಇಳಿಸಿದ ದಿನ ತೆಂಗಿನಕಾಯಿ ಒಡೆದರು. ನಾನು ತೇಲಿದೆ. ಅದು ನನ್ನ ಜಾಣತನವೇನಲ್ಲ.

ಮೊದಲ ಯಜಮಾನ ಬೊಮ್ಮಯ್ಯ ಗಂಗಾವಳಿ ಹೊಳೆಯಲ್ಲಿ ತೆಂಗಿನಕಾಯಿ, ಹುಲ್ಲು, ಮದುವೆಯ ದಿಬ್ಬಣ ಎಲ್ಲವನ್ನೂ ದಾಟಿಸುತ್ತಿದ್ದ. ಬಾಯಿ ಮುಚ್ಚದ ಮನುಷ್ಯ. ಕೇಳುವವರು ಇಲ್ಲದಿದ್ದರೆ ಹೊಳೆಗೇ ಕತೆ ಹೇಳುವವನು. ಅವನಿಗೆ ಸೊಂಟ ಬಿದ್ದ ಮೇಲೆ ನನ್ನನ್ನು ಕಡಲಿನಲ್ಲಿ ಮೀನು ಹಿಡಿಯುವ ಹಮ್ಮಣ್ಣ ಹರಿಕಂತ್ರನಿಗೆ ಮಾರಿದ. ಹೀಗೆ ನಾನು ಸಿಹಿನೀರಿನಿಂದ ಉಪ್ಪುನೀರಿಗೆ ಬಂದೆ. ಮಾತಿನ ಮನೆಯಿಂದ ಮಾತಿಲ್ಲದ ಮನೆಗೆ ಬಂದೆ ಎಂದೂ ಹೇಳಬಹುದು.

ಹಮ್ಮಣ್ಣನ ಕೇರಿ ಕಾರವಾರದಿಂದ ಕಾಳಿ ನದಿ ದಾಟಿ ಉತ್ತರಕ್ಕೆ, ಮಾಜಾಳಿಯ ಹತ್ತಿರ. ಅದಕ್ಕೂ ಉತ್ತರಕ್ಕೆ ಕಡಲಿಗೆ ಚಾಚಿದ ಒಂದು ಗುಡ್ಡ. ಗುಡ್ಡ ಸುತ್ತಿದರೆ ಗೋವೆ. ಆಗ ಅದು ಪೋರ್ತುಗೀಜರ ಕೈಯಲ್ಲಿತ್ತು. ಬೇರೆ ಬಾವುಟ, ಬೇರೆ ನಾಣ್ಯ, ಬೇರೆ ಟೊಪ್ಪಿಯ ಪೊಲೀಸರು, ಅದೇ ತಾರ್ಲೆ ಮೀನಿನ ಸಾರು. ಗಡಿಯಲ್ಲಿ ರಸ್ತೆಯ ಗೇಟು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಕಡಲಿನವರು ಮಾತ್ರ ತಮ್ಮ ತಮ್ಮೊಳಗೆ ಹೊಂದಿಕೊಂಡು ಹೋಗಿ ಬಂದು ಮಾಡುತ್ತಿದ್ದರು, ಹೆಣ್ಣು ಕೊಟ್ಟು ತಂದೂ ಮಾಡುತ್ತಿದ್ದರು.

ಹಮ್ಮಣ್ಣ ತನ್ನ ಒಬ್ಬಳೇ ಮಗಳು ಶೇವಂತಿಯನ್ನು ಗುಡ್ಡದಾಚೆಯ ಕೇರಿಗೆ ಕೊಟ್ಟ. ನನಗೆ ಕಣ್ಣಿಗಿಂತ ಭಾರ ಚೆನ್ನಾಗಿ ತಿಳಿಯುತ್ತದೆ; ಹತ್ತಿದವರು ಯಾರೆಂದು ನೋಡದೆಯೇ ಹೇಳಬಲ್ಲೆ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಶೇವಂತಿ ಎರಡು ಬುಟ್ಟಿ ಬಂಗಡೆ ಮೀನಿಗಿಂತ ಸ್ವಲ್ಪ ಹೆಚ್ಚಿದ್ದಳು, ಅಷ್ಟೆ. ಚಿಕ್ಕಂದಿನಿಂದ ಅಪ್ಪನ ಜೊತೆ ಬಂದು ಅಭ್ಯಾಸವಾಗಿತ್ತಲ್ಲ, ಕೂತ ಕೂಡಲೇ ಕರಟ ಕೈಗೆತ್ತಿಕೊಂಡು ನನ್ನೊಳಗೆ ನಿಂತ ನೀರನ್ನು ಹೊರಗೆ ಚೆಲ್ಲತೊಡಗಿದಳು.

"ಮದುಮಗಳು ನೀರು ಎತ್ತೂದಾ? ಇಡು ಅದ್ನ," ಎಂದು ದಡದಲ್ಲಿ ನಿಂತ ಅವಳ ತಾಯಿ ಬೀರಮ್ಮ ಕೂಗಿದಳು.

ಶೇವಂತಿ ನಕ್ಕಳು. ಕರಟ ಇಡಲಿಲ್ಲ. ರೇಷ್ಮೆ ಸೀರೆಯ ಸೆರಗು ಒದ್ದೆ ಮಾಡಿಕೊಂಡೇ ಗಂಡನ ಮನೆ ಸೇರಿದಳು.

ಸಾವಿರದ ಒಂಬೈನೂರ ಅರವತ್ತೊಂದರ ಮಳೆಗಾಲ ಮುಗಿಯುತ್ತಿದ್ದಾಗ ಅವಳು ಆರು ತಿಂಗಳ ಬಸುರಿ ಎಂಬ ಸುದ್ದಿ ಬಂತು. ಮೊದಲ ಹೆರಿಗೆ ತವರಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ಕರೆತರಬೇಕು, ಎಂಟರಲ್ಲಿ ಬಸುರಿ ಹೊಳೆಯನ್ನೇ ದಾಟುವಂತಿಲ್ಲ, ಇನ್ನು ಕಡಲಿನ ಮಾತು ದೂರವೇ ಉಳಿಯಿತು. ಒಂಬತ್ತು ಬಿದ್ದರೆ ಮತ್ತೆ ತರಬಹುದು. ನಮ್ಮ ಕೇರಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ.

"ಏಳು ಬಿದ್ದದೆ. ಹೋಗಿ ಕರ್ಕಂಡು ಬನ್ನಿ," ಎಂದಳು ಬೀರಮ್ಮ.

"ಬಂಗಡೆ ಬಿದ್ದದೆ. ಇದೊಂದು ಮುಗೀಲಿ," ಎಂದ ಹಮ್ಮಣ್ಣ.

ಅದು ಸುಳ್ಳಲ್ಲ. ಆ ವರ್ಷ ಬಂಗಡೆ ಬಿದ್ದ ಹಾಗೆ ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನೀರು ಕಪ್ಪಾಗಿ ಕುದಿಯುತ್ತಿತ್ತು. ಬಲೆ ಎಳೆದು ಎಳೆದು ಅವನ ಅಂಗೈ ಸೀಳಿತ್ತು. ಅಂಚಿನ ತನಕ ಮೀನು ತುಂಬಿಸಿಕೊಂಡು ನಾನು ಏದುಸಿರು ಬಿಡುತ್ತ ಬರುತ್ತಿದ್ದೆ, ಸುರಿದು ಮತ್ತೆ ಹೋಗುತ್ತಿದ್ದೆ. ಮಗಳ ಬಾಣಂತನ ಚೆನ್ನಾಗಿ ಮಾಡಬೇಕೆಂದೇ ಅವನು ಹಾಗೆ ದುಡಿದದ್ದು. ಬಂಗಡೆ ತಿರುಗಿ ಹೋಗುವ ಹೊತ್ತಿಗೆ ಶೇವಂತಿಗೆ ಎಂಟು ಬಿದ್ದಿತ್ತು.

"ಒಂಬತ್ತು ಬಿದ್ದ ದಿನಾನೇ ಹೋತೆ," ಎಂದ ಹಮ್ಮಣ್ಣ.

ನಮ್ಮ ಎದುರಿನ ದ್ವೀಪದಲ್ಲಿ ಪೋರ್ತುಗೀಜರ ಸಿಪಾಯಿಗಳಿದ್ದರು. ಆ ದಿನಗಳಲ್ಲೇ ಅಲ್ಲಿಂದ ಗುಂಡು ಹಾರಿತು, ಮೀನಿಗೆ ಹೋದವನೊಬ್ಬ ಸತ್ತ. ಅಲ್ಲಿಂದ ಮುಂದೆ ಊರಿನ ಮಾತೆಲ್ಲ ಒಂದೇ ಆಯಿತು. ನಮ್ಮ ಸೈನ್ಯ ಗೋವೆಗೆ ನುಗ್ಗುತ್ತದೆ. ಯಾವಾಗ ಎಂಬುದಷ್ಟೇ ಪ್ರಶ್ನೆ. ದಂಡೆಯ ಮೇಲೇ ಇದ್ದ ವಿಠೋಬನ ಚಾ ಅಂಗಡಿಯಲ್ಲಿ ರೇಡಿಯೋ ಹಚ್ಚಿದರೆ ಹೊರಗೆ ಬೀಡಿ ಸೇದುವವರೂ ಉಸಿರು ಹಿಡಿದು ಕೇಳುತ್ತಿದ್ದರು. ಕಾಳಿಯಲ್ಲಿ ವಾಹನ ದಾಟಿಸುವ ಜಂಗಲ್ ದೋಣಿಯ ಮೇಲೆ ಬರೀ ಮಿಲಿಟರಿ ಲಾರಿ ಎಂದು ಒಬ್ಬ ಬಂದು ಹೇಳಿದ. ದಿಗಂತದಲ್ಲಿ ಹಡಗು ಕಂಡವು. ಅವು ನಮ್ಮವೋ ಅವರವೋ ಎಂದು ಎರಡು ಪಂಗಡವಾಗಿ ಜಗಳವಾಯಿತು. ಕೆಲವರು ಉಪ್ಪು, ಸೀಮೆಎಣ್ಣೆ ತಂದು ತುಂಬಿಸಿಕೊಂಡರು. ಕೆಲವರು ಹೆಂಗಸರು ಮಕ್ಕಳನ್ನು ಅಂಕೋಲೆಗೆ ಕಳಿಸಿದರು. ಗುಡ್ಡದಾಚೆ ನೆಂಟರಿದ್ದವರು ಮಾತ್ರ ಚಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು.

ಗೋವೆ ಬಿಡುಗಡೆಯಾಗಬೇಕೆಂದು ಎಲ್ಲರಿಗೂ ಇತ್ತು. ಹಮ್ಮಣ್ಣನಿಗೂ ಇತ್ತು. ತಾನು ಒಂದು ಸಲ ಹೋಗಿ ಬಂದ ಮೇಲೆ ಆಗಲಿ ಎಂಬುದಷ್ಟೇ ಅವನ ಆಸೆ.

ಒಂದು ಬೆಳಿಗ್ಗೆ ಕೇರಿಯ ಹಿರಿಯ, ನಾವು ಬುದವಂತ ಎನ್ನುತ್ತೇವೆ, ಎಲ್ಲರನ್ನೂ ದೇವಿಯ ಗುಡಿಯ ಮುಂದೆ ಕೂಡಿಸಿದ. ಯಾರೂ ಕಡಲಿಗೆ ಇಳಿಯಬಾರದು ಎಂದ. ಬಾಯಿಮಾತಿಗೆ ಯಾರು ನಿಲ್ಲುತ್ತಾರೆ ಎಂದು ಎಲ್ಲ ದೋಣಿಗಳ ಹುಟ್ಟುಗೋಲುಗಳನ್ನೂ ತರಿಸಿ ಗುಡಿಯ ಜಗಲಿಯ ಮೇಲೆ ಒಟ್ಟಿಸಿದ. ಗೋಲಿಲ್ಲದ ದೋಣಿ ಮರದ ತೊಟ್ಟಿ, ಇನ್ನೇನು? ನನ್ನನ್ನೂ ಮೇಲಕ್ಕೆ ಎಳೆದು ಮರಳ ಮೇಲೆ ಇಟ್ಟರು.

ಹಮ್ಮಣ್ಣ ಒಂದು ಸಲ ಕೇಳಿ ನೋಡಿದ.

"ಮಗಳಿಗೆ ಇನ್ನೇನು ಒಂಬತ್ತು ಬೀಳ್ತದೆ ಬುದವಂತ್ರೆ. ನನ್ನ ಗೋಲು ಕೊಡಿ."

"ಹಮ್ಮಣ್ಣ, ನಿಂಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗ್ತದೆ. ನಾಳೆ ನಿನ್ನ ಹೆಣ ತರೂಕೆ ನಾನು ಯಾರನ್ನ ಕಳಸ್ಲಿ?"

ಹಮ್ಮಣ್ಣ ಗುಡಿಯಿಂದ ನೇರ ನನ್ನ ಹತ್ತಿರ ಬಂದ. ಎಣ್ಣೆ ಕುಡಿದು ಸಾಕಾಗಿದ್ದ ನನಗೆ ಮತ್ತೆ ಎಣ್ಣೆ ಹಚ್ಚಿದ. ಗಟ್ಟಿಯಾಗಿದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿದ. ಮಾಡುವುದಕ್ಕೆ ಏನೂ ಉಳಿಯದಾದಾಗ ಒಳಗೆ ಹತ್ತಿ ತನ್ನ ಜಾಗದಲ್ಲಿ ಕೂತ. ಆಮೇಲೆ ದಿನವೂ ಹಾಗೆ. ಹಾಡುಹಗಲಿನಲ್ಲಿ, ಒಣ ಮರಳಿನ ಮೇಲೆ, ಗೋಲಿಲ್ಲದ ದೋಣಿಯಲ್ಲಿ ಒಬ್ಬ ಗಂಡಸು ಗುಡ್ಡ ನೋಡುತ್ತ ಕೂತಿರುತ್ತಿದ್ದ. ಬೇರೆ ದಿನಗಳಾಗಿದ್ದರೆ ಕೇರಿಯವರು ನಕ್ಕು ಸಾಯುತ್ತಿದ್ದರು. ಆಗ ಯಾರೂ ನಗಲಿಲ್ಲ, ಹತ್ತಿರವೂ ಬರಲಿಲ್ಲ.

ಬೀರಮ್ಮ ಬಂದು, "ಗಂಜಿ ಆರ್ತದೆ, ಬನ್ನಿ," ಎನ್ನುತ್ತಿದ್ದಳು.

"ಹೂಂ," ಎನ್ನುತ್ತಿದ್ದ. ಏಳುತ್ತಿರಲಿಲ್ಲ. ಅವನ ಮೈ ಕಲ್ಲಿನ ಹಾಗೆ ನನ್ನೊಳಗೆ ಇರುತ್ತಿತ್ತು. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಬಿಸಿಲಿಗೆ ಒಣಗಿ ಮೈಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತಿದ್ದದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಒಂಬತ್ತು ಬಿತ್ತು. ಅವನು ಕೂತೇ ಇದ್ದ.

ಒಂದು ಬೆಳಿಗ್ಗೆ ಕಡಲಿನ ಕಡೆಯಿಂದ ಗುಡುಗಿದಂತೆ ಸದ್ದು ಬಂತು. ಮೋಡವಿರಲಿಲ್ಲ. ವಿಮಾನ ಹಾರಿದವು. ಬೀರಮ್ಮ ಅಂಗಳದಲ್ಲಿ ಕೂತು ಮಗುವಿನ ಬಟ್ಟೆಗೆಂದು ಹಳೇ ಸೀರೆ ಹರಿಯುತ್ತಿದ್ದಳು. ಸದ್ದು ಬಂದಾಗ ಕೈ ನಿಲ್ಲಿಸಿದಳು, ನಿಂತಾಗ ಮತ್ತೆ ಹರಿದಳು. ಮರುದಿನ ಸದ್ದು ಕಡಿಮೆಯಾಯಿತು. ಅದರ ಮರುದಿನ ವಿಠೋಬ ಅಂಗಡಿಯಿಂದ ಓಡಿ ಬಂದು ಗೋವೆ ನಮ್ಮದಾಯಿತು ಎಂದ. ಇಷ್ಟು ದಿನ ಹೆದರಿದ್ದು ಇಷ್ಟಕ್ಕೆಯೇ ಎಂದು ಜನರಿಗೆ ನಾಚಿಕೆಯೇ ಆಯಿತು. ಆಮೇಲೆ ಕುಣಿದರು. ಕಾರವಾರದಲ್ಲಿ ಪೇಡೆ ಹಂಚಿದರಂತೆ. ಕೇರಿಗೂ ಒಂದು ಪೊಟ್ಟಣ ಬಂತು. ಬುದವಂತ ಗುಡಿಯ ಜಗಲಿಯಿಂದ ಗೋಲುಗಳನ್ನು ಗುರುತು ನೋಡಿ ನೋಡಿ ಹಂಚಿದ. ಹಮ್ಮಣ್ಣನ ಗೋಲನ್ನು ಎಲ್ಲರಿಗಿಂತ ಮೊದಲು ಕೊಟ್ಟ.

ನಾವು ಗುಡ್ಡ ಸುತ್ತಿದೆವು. ಯಾರೂ ತಡೆಯಲಿಲ್ಲ. ಆ ಕೇರಿಗೆ ಒಂದು ಗುಂಡೂ ಬಿದ್ದಿರಲಿಲ್ಲ. ಮನೆಗಳು ಇದ್ದ ಹಾಗೇ ಇದ್ದವು, ಬಾಗಿಲು ತೆರೆದೇ ಇದ್ದವು, ಕೋಳಿಗಳು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದವು. ಜನ ತಲೆಯ ಮೇಲೆ ಚಾಪೆ, ಪಾತ್ರೆ ಹೊತ್ತು ಕೇರಿಯ ಹಿಂದಿನ ಗೇರುಗುಡ್ಡದಿಂದ ಇಳಿಯುತ್ತಿದ್ದರು. ನಾನು ಕಂಡದ್ದು ದಡದಿಂದ ಕಂಡಷ್ಟೇ. ಶೇವಂತಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಅತ್ತೆ ಹಮ್ಮಣ್ಣನಿಗೆ ತಮ್ಮ ಕೊಂಕಣಿಯಲ್ಲಿ ಹೇಳುತ್ತಿದ್ದಳು. ಹಡಗಿನಿಂದ ದಂಡೆಗೆ ಗುಂಡು ಹೊಡೆಯುತ್ತಾರೆಂದು ಸುದ್ದಿ ಹಬ್ಬಿತು, ಕೇರಿಗೆ ಕೇರಿಯೇ ಗುಡ್ಡ ಹತ್ತಿತು. ಹತ್ತುವಾಗಲೇ ನೋವು ಬಂತು. ಸೂಲಗಿತ್ತಿ ಇನ್ನೊಂದು ದಿಕ್ಕಿಗೆ ಓಡಿದ್ದಳು. ಗಂಡು ಮಗು. ಬಿಸಿಲೇರುವ ತನಕ ಉಸಿರಿತ್ತು. ಅಲ್ಲೇ ಗೇರುಮರದ ಬುಡದಲ್ಲಿ ಮಣ್ಣು ಮಾಡಿ ಬಂದೆವು ಎಂದಳು.

ಹಮ್ಮಣ್ಣ ಎಲ್ಲ ಕೇಳಿಸಿಕೊಂಡ. ಸೊಂಟದಲ್ಲಿ ಕಟ್ಟಿಕೊಂಡಿದ್ದ ಪೇಡೆಯ ಪೊಟ್ಟಣ ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಶೇವಂತಿ ಬಂದು ನನ್ನೊಳಗೆ ಕೂತಳು. ತಾಯಿ ಮಗು ಇಬ್ಬರ ಭಾರಕ್ಕೆ ನಾನು ಎಷ್ಟೋ ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಮದುವೆಯ ದಿನಕ್ಕಿಂತ ಹಗುರವಾಗಿದ್ದಳು. ಅಷ್ಟು ದಿನ ಒಣ ಮರಳಿನಲ್ಲಿಟ್ಟಿದ್ದರಿಂದ ನನ್ನ ಬಿರುಕುಗಳಲ್ಲಿ ನೀರು ಜಿನುಗುತ್ತಿತ್ತು. ಅವಳು ಕರಟ ಎತ್ತಿಕೊಂಡು ಚೆಲ್ಲತೊಡಗಿದಳು.

"ಏಳರಲ್ಲಿ ಬತ್ತೆ ಅಂದಿದ್ಯಲ ಅಪ್ಪ," ಎಂದಳು, ಗುಡ್ಡ ಸುತ್ತುವಾಗ.

"ಬಂಗಡೆ ಬಿದ್ದಿತ್ತು ಮಗಾ."

"ಹೌದು. ನಮ್ಮಲ್ಲೂ ಬಿದ್ದಿತ್ತು," ಎಂದಳು.

ನನಗೆ ದುಃಖವಾಯಿತು. ಮರಕ್ಕೆ ಅದು ಹೇಗೆ ಆಗುತ್ತದೋ ಹಾಗೆ, ನೀರು ಕುಡಿದು ಭಾರವಾದ ಹಾಗೆ ಆಯಿತು.

ಬೀರಮ್ಮ ನೀರು ಕಾಸಿಟ್ಟಿದ್ದಳು. ಮಗಳನ್ನು ನೋಡಿದಳು, ಎಣ್ಣೆ ಹಚ್ಚಿ ಸ್ನಾನ ಮಾಡಿಸಿದಳು. ಬಾಣಂತಿಗೆ ಏನೇನು ಮಾಡಬೇಕೋ ಎಲ್ಲವನ್ನೂ ಮಾಡಿದಳು. ಹೊಟ್ಟೆಗೆ ಬಟ್ಟೆ ಕಟ್ಟಿದಳು, ಕಷಾಯ ಕುಡಿಸಿದಳು, ಕೆಂಡದ ಹೊಗೆ ಹಿಡಿದಳು. ಮಗುವಿನ ಬಟ್ಟೆಗೆಂದು ಹರಿದಿಟ್ಟ ಸೀರೆಯ ತುಂಡುಗಳನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ ಹಮ್ಮಣ್ಣನಿಗೆ ಕೊಟ್ಟಳು. ಅವನು ಅವುಗಳನ್ನು ನನ್ನ ಬಿರುಕುಗಳಲ್ಲಿ ತುರುಕಿ ಮೇಲೆ ಗೋಂದು ಬಳಿದ. ಈಗಲೂ ಅವು ನನ್ನ ಮೈಯಲ್ಲಿವೆ.

ಶೇವಂತಿ ತಿರುಗಿ ಹೋದದ್ದು ರಸ್ತೆಯಲ್ಲಿ. ಗೇಟು ಕಿತ್ತುಹಾಕಿದ್ದರು. ಆಮೇಲೆ ಎರಡು ಹೆತ್ತಳು, ಎರಡನ್ನೂ ಅಲ್ಲೇ ಹೆತ್ತಳು. ಬಂದು ಹೋಗಿ ಮಾಡುತ್ತಾಳೆ, ಮೀನು ತರುತ್ತಾಳೆ, ಒಯ್ಯುತ್ತಾಳೆ. ನನ್ನಲ್ಲಿ ಮತ್ತೆ ಕೂರಲಿಲ್ಲ. ಹಮ್ಮಣ್ಣ ಕೆಲವು ವರ್ಷ ಮೀನು ಹಿಡಿದ, ಆಮೇಲೆ ಕಣ್ಣು ಮಂಜಾಯಿತು. ಅಣ್ಣನ ಮಗ ನನ್ನನ್ನು ಒಂದು ಋತು ಓಡಿಸಿ, ಎಂಜಿನ್ ದೋಣಿ ಸಿಕ್ಕ ಮೇಲೆ ಕೈಬಿಟ್ಟ. ಈಗ ಹೊನ್ನೆಮರದ ಕೆಳಗೆ ನನ್ನನ್ನು ಬೋರಲು ಹಾಕಿದ್ದಾರೆ. ಒಳಗೆ ಕೋಳಿ ಕಾವು ಕೂರುತ್ತದೆ. ಮೇಲೆ ಬಲೆ ಒಣಗುತ್ತದೆ.

ಹತ್ತು ವರ್ಷ ಕಳೆದು ವಿಠೋಬನ ರೇಡಿಯೋ ಮತ್ತೆ ಜೋರಾಗಿದೆ. ಈ ಸಲ ಪೂರ್ವದ ಕಡೆಯಂತೆ. ನಮ್ಮ ಸೈನ್ಯ ಆಚೆ ದೇಶಕ್ಕೆ ಹೋಗುತ್ತದಂತೆ, ಇವತ್ತೋ ನಾಳೆಯೋ ಅಂತೆ. ಅಂಗಡಿಯಲ್ಲಿ ಕೂರಲು ಜಾಗವಿಲ್ಲ. ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಬಂದ ಶೇವಂತಿ ನಿನ್ನೆ ಸಂಜೆ ದಂಡೆಗೆ ಬಂದಳು. ಬೇರೆಲ್ಲೂ ಜಾಗ ಕಾಣದೆಯೋ ಏನೋ, ನನ್ನ ಬೆನ್ನ ಮೇಲೆ ಕೂತಳು.

"ಕೇಳ್ದ್ಯಾ ಶೇವಂತಿ?" ಎಂದು ವಿಠೋಬ ಅಲ್ಲಿಂದಲೇ ಕೂಗಿದ. "ಹೋದ್ರೆ ನಮ್ಮವ್ರು ಗೆಲ್ದೆ ಬರೂದಿಲ್ಲ."

"ಗೆಲ್ತಾರೆ," ಎಂದಳು ಅವಳು. "ಅಲ್ಲೂ ಯಾರಿಗಾದ್ರೂ ಎಂಟು ಬಿದ್ದಿರೂದು. ತವರಿನವ್ರು ಈಗ್ಲೇ ಹೋಗಿ ಕರ್ಕಂಡು ಬರಲಿ. ಎಂಟಾದ್ರೂ ಎಂತ ಆಗೂದಿಲ್ಲ," ಎಂದಳು.

ಹತ್ತಿರದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಹಮ್ಮಣ್ಣ ಎದ್ದ. ತಡವರಿಸುತ್ತ ಬಂದು ನನ್ನ ಪಕ್ಕಕ್ಕೆ ಎರಡೂ ಕೈ ಕೊಟ್ಟು, ನನ್ನನ್ನು ಮಗುಚಿ ನೀರಿಗೆ ತಳ್ಳುವವನ ಹಾಗೆ ದೂಡಿದ. ನಾನು ಅಲುಗಲಿಲ್ಲ.

"ನನ್ನ ಗೋಲು ಎಲ್ಲಿ ಅದೆ ನೋಡು ಮಗಾ," ಎಂದ.

ಅವಳು ಅವನ ಕೈ ಹಿಡಿದಳು. "ಅದೆ, ಎಲ್ಲೂ ಹೋಗೂದಿಲ್ಲ. ಕುಂತ್ಕ ಅಪ್ಪ."

ಹಮ್ಮಣ್ಣನೂ ನನ್ನ ಬೆನ್ನ ಮೇಲೆ ಕೂತ. ಅವನು ಒಂದು ತುದಿಗೆ, ಅವಳು ಇನ್ನೊಂದು ತುದಿಗೆ. ಇಬ್ಬರ ಭಾರವೂ ನನಗೆ ಗೊತ್ತಿದ್ದದ್ದೇ. ನಡುವೆ ಹತ್ತು ವರ್ಷದ ಹುಡುಗನೊಬ್ಬ ಕೂರುವಷ್ಟು ಜಾಗ ಖಾಲಿ ಇತ್ತು.